ಹನ್ನೊಂದು ಮಣ್ಣೆತ್ತು, ಒಂದು ಪೈಪು

ಒಂದೂರಲ್ಲಿ, ಆ ಊರಿನ ಒಂದು ಓಣಿಯಲ್ಲಿ, ಆ ಓಣಿಯ ಒಂದು ಮನೆಯಲ್ಲಿ, ರಾಜನೂ ಅಲ್ಲ ರಾಣಿಯೂ ಅಲ್ಲ, ಒಂದು ಗೋಡೆ ಇತ್ತಂತೆ. ಆ ಗೋಡೆಗೆ ಒಂದು ಮಳೆಗಾಲ ದಾಹ ಹತ್ತಿತಂತೆ. ಮೊದಲು ಒಂದು ಬೊಗಸೆ ಕುಡಿಯಿತು, ಆಮೇಲೆ ಒಂದು ಕೊಡ, ಆಮೇಲೆ ಪುನರ್ವಸು ಮಳೆಯನ್ನು ಪೂರ್ತಿ ಕುಡಿದು ಪುಷ್ಯ ಮಳೆಗೆ ಬಾಯಿ ಹಾಕಿತು. ಕುಡಿದು ಕುಡಿದು ಹೊಟ್ಟೆ ಉಬ್ಬಿತು. ಮೈಮೇಲಿನ ಸುಣ್ಣ ಹಪ್ಪಳದ ಹಾಗೆ ಎದ್ದಿತು. ಮನೆಯವರು ವೈದ್ಯರನ್ನು ಕರೆಸುವ ಬದಲು ಗೋಡೆ ಕಟ್ಟುವ ಗೌಂಡಿಯನ್ನು ಕರೆಸಿ ಬೈದರು. ಆದರೆ ಗೋಡೆಗೆ ನೀರು ಕುಡಿಸಿದವಳು ಬೇರೊಬ್ಬಳಿದ್ದಳು. ಅವಳು ಅದೇ ಮನೆಯಲ್ಲಿ, ಅದೇ ಗೋಡೆಯ ಆಚೆ ಬದಿಗೆ, ಒಲೆಯ ಮುಂದೆ ಕೂತು...

ಇಷ್ಟು ಕಟ್ಟುವಷ್ಟರಲ್ಲಿ ಹಾಲು ಉಕ್ಕಿತು.

"ಏನ್ ಸುಟ್ಟಿ, ಶಿವಗಂಗಾ?" ನಡುಮನೆಯಿಂದ ಅತ್ತೆ ಗೌರಾಬಾಯಿಯ ಧ್ವನಿ ಬಂತು.

"ಏನಿಲ್ರಿ ಅತ್ತಿ. ಹಾಲು ಸ್ವಲ್ಪ ಹೊರಗ ಬಂದಾವು."

"ಹೊರಗ ಬಂದು ಎಲ್ಲಿಗೆ ಹೊಂಟಾವಂತ?"

ಶಿವಗಂಗವ್ವ ಒಲೆಯ ಸುತ್ತ ಚೆಲ್ಲಿದ ಹಾಲು ಒರೆಸಿದಳು. ಕಥೆ ಕಟ್ಟುತ್ತ ಕೂತರೆ ಹಾಲು, ರೊಟ್ಟಿ, ಒಗ್ಗರಣೆ, ಯಾವುದೂ ಕಾಯುವುದಿಲ್ಲವೆಂದು ಈ ಮನೆಗೆ ಬಂದ ಮೂರು ತಿಂಗಳಲ್ಲಿ ಕಲಿಯದಿದ್ದ ಪಾಠ ಇನ್ನು ಮೂರು ವರ್ಷ ಕಳೆದರೂ ಬರುವ ಹಾಗಿರಲಿಲ್ಲ. ಕಲಿಸದೆ ಬಿಟ್ಟವಳು ತವರೂರು ಯಡೂರಿನ ಅಜ್ಜಿ ಕೆಂಚವ್ವ. ಅವಳ ಕಥೆಗಳಲ್ಲಿ ಬೀಸುಕಲ್ಲು ಮಾತಾಡುತ್ತಿತ್ತು, ಪೊರಕೆ ಅಳುತ್ತಿತ್ತು, ಹೊಳೆ ಮುನಿಸಿಕೊಂಡು ಮೂರು ದಿನ ಊಟ ಬಿಡುತ್ತಿತ್ತು. ಅದನ್ನೆಲ್ಲ ಕೇಳಿ ಬೆಳೆದವಳ ಕಣ್ಣಿಗೆ ನಡುಮನೆಯ ಗೋಡೆಯ ಹಸಿ ಬರೀ ಹಸಿಯಾಗಿ ಕಾಣುವುದಾದರೂ ಹೇಗೆ. ಮೊದಲ ವಾರ ಅದು ಚಾವಣಿಯ ಕೆಳಗೊಂದು ಪಪ್ಪಾಯಿಯಷ್ಟಿತ್ತು. ಎರಡನೆಯ ವಾರ ಎರಡು ಕಾಲು ಬಂದವು. ಈ ಭಾನುವಾರ ಬೆಳಿಗ್ಗೆ ನೋಡಿದರೆ ಅದು ಜೋಳದ ಚೀಲಗಳ ಬೆನ್ನ ಹಿಂದೆ ಇಳಿದು ನಿಂತಿದೆ, ಗೋಡೆಯ ಕಲ್ಲು ಹಿಡಿದಿದ್ದ ಮಣ್ಣು ಹಿಟ್ಟಿನಂತೆ ಉದುರಿದೆ, ಬದಿಯ ಚೀಲದ ಜೋಳ ಗೋಣಿಯ ಎಳೆಗಳ ನಡುವೆ ಬಿಳಿ ಮೊಳಕೆ ಹಾಯಿಸಿದೆ. ಗೌರಾಬಾಯಿ ಆ ಮೊಳಕೆಗಳನ್ನು ಒಂದೊಂದೇ ಚಿವುಟುತ್ತ, ಪ್ರತಿ ಮೊಳಕೆಗೊಂದು ಸಲ ಗೌಂಡಿ ದುರಗಪ್ಪನ ಹೆಸರು ಹೇಳುತ್ತಿದ್ದಳು. ಹಾಗೆ ಹೇಳಿದಾಗೆಲ್ಲ ಶಿವಗಂಗವ್ವನ ಎಡಗಿವಿ ತಾನಾಗಿ ಬಿಸಿಯಾಗುತ್ತಿತ್ತು.

ಈ ಉಗಾರ ಬುದ್ರುಕದ ಮನೆಗೆ ಎರಡು ಹಂಚಿನ ಚಾವಣಿ, ನಡುಮನೆಗೊಂದು, ಅಡುಗೆಮನೆಗೊಂದು. ಎರಡೂ ಇಳಿದು ಬಂದು ಒಂದನ್ನೊಂದು ಮುಟ್ಟುವ ಸಂದಿಯಲ್ಲಿ, ಸರಿಯಾಗಿ ನಡುಗೋಡೆಯ ನೆತ್ತಿಯ ಮೇಲೆ, ಉದ್ದಕ್ಕೂ ತಗಡಿನ ದೋಣಿ. ಎರಡು ಚಾವಣಿಯ ನೀರೂ ಅದರಲ್ಲಿ ಬಿದ್ದು, ಹಿತ್ತಲ ಕಡೆ ಹರಿದು, ಮೂಲೆಯ ಸಿಮೆಂಟು ಪೈಪಿನೊಳಗೆ ಧುಮುಕಿ ಕೆಳಗಿಳಿಯಬೇಕು. ಹಳೆಯ ತಗಡು ತುಕ್ಕು ತಿಂದಿತ್ತೆಂದು ದುರಗಪ್ಪ ಬೇಸಿಗೆಯಲ್ಲಿ ಹೊಸ ತಗಡು, ಹೊಸ ಪೈಪು ಕೂರಿಸಿದ್ದ. ಅದೇ ತಿಂಗಳು ಧರೆಪ್ಪನ ಹೆಂಡತಿಯಾಗಿ ಶಿವಗಂಗವ್ವ ಬಂದಳು. ತಗಡೂ ತಾನೂ ಒಟ್ಟಿಗೆ ಈ ಮನೆಯಲ್ಲಿ ಕೂತವರೆಂದು ಅವಳಿಗೆ ಅದರ ಮೇಲೊಂದು ಒಳಗಿನ ಸಲಿಗೆ. ಆ ಸಲಿಗೆಯಿಂದಲೇ ಎಲ್ಲ ಕೆಟ್ಟದ್ದು.

ಮಣ್ಣೆತ್ತಿನ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಒಂದು ಜೋಡಿ ಎತ್ತು ಮಾಡುತ್ತಾರೆ, ಪೂಜೆ ಮಾಡುತ್ತಾರೆ, ಮುಗಿಯಿತು. ಅವಳು ಹನ್ನೊಂದು ಮಾಡಿದಳು. ಎರಡರಲ್ಲಿ ನಿಲ್ಲಿಸಬೇಕೆಂದಿದ್ದಳು, ಮೂರನೆಯದು ಜೊತೆಗಾರನಿಲ್ಲದೆ ಅಳುವಂತೆ ಕಂಡಿತು, ನಾಲ್ಕನೆಯದು ಮಾಡಿದಳು, ಐದನೆಯದು ಕರು, ಹೀಗೆ. ಹೊಲದ ಜಿಗುಟು ಎರೆಮಣ್ಣಿಗೆ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಕಲಸಿ ನಾದಬೇಕು, ಇಲ್ಲದಿದ್ದರೆ ಎತ್ತಿನ ಕಾಲು ಸೀಳುತ್ತವೆ ಎಂದು ಕೆಂಚವ್ವ ಹೇಳಿಕೊಟ್ಟಿದ್ದಳು. ಕಣ್ಣಿಗೆ ಜೋಳದ ಕಾಳು ಒತ್ತಬೇಕು. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಎದುರು ಮನೆಯ ಅಕ್ಕವ್ವ ಒಂದು ಎತ್ತಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತದೋ ಎಂದು ನೋಡಿದಳು. ಆಗ ಗೌರಾಬಾಯಿ, ಅಲ್ಲಿಯವರೆಗೆ ಸೊಸೆಯ ಬಗ್ಗೆ ಒಂದು ಒಳ್ಳೆಯ ಮಾತೂ ಆಡದ ಗೌರಾಬಾಯಿ, "ನಮ್ಮ ಸೊಸಿ ಕೈಯಾಗ ಜೀವ ಐತ್ರಿ," ಎಂದಳು. ಶಿವಗಂಗವ್ವ ಆ ಮಾತನ್ನು ಎದೆಯೊಳಗೆ ಮಡಚಿಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡುತ್ತಿದ್ದಳು.

ಪೂಜೆಯಾದ ಮರುದಿನ ಎತ್ತುಗಳನ್ನು ಮನೆಯ ಮೇಲೆ ಇಡಬೇಕು, ಮಳೆ ಬಂದು ಕರಗಿಸಬೇಕು, ಆಗಲೇ ಅವು ನಿಜವಾದ ಹೊಲಕ್ಕೆ ಮೇಯಲು ಹೋಗುತ್ತವೆ. ಯಡೂರಿನ ಅಜ್ಜಿಯ ಮನೆಗೆ ಮಣ್ಣಿನ ಚಪ್ಪಟೆ ಮಾಳಿಗೆ. ಅಲ್ಲಿ ಎತ್ತು ಕರಗಿದರೆ ಮಣ್ಣು ಮಣ್ಣಿಗೆ ಸೇರಿ ಮಾಳಿಗೆಗೇ ಒಂದು ಪದರ ಬೀಳುತ್ತಿತ್ತು, ಸೋರುವುದು ಕಡಿಮೆಯಾಗುತ್ತಿತ್ತು. ಇಲ್ಲಿ ಹಂಚು. ಮೊದಲ ಎತ್ತನ್ನು ಹಂಚಿನ ಮೇಲಿಟ್ಟಾಗ ಅದು ಜಾರಿ ಅವಳ ಮಡಿಲಿಗೇ ಬಿತ್ತು. ನಿಚ್ಚಣಿಕೆಯ ಮೇಲೆ ನಿಂತು ಅತ್ತಿತ್ತ ನೋಡಿದಳು. ಪಕ್ಕದಲ್ಲೇ ಹೊಸ ತಗಡಿನ ದೋಣಿ, ಎರಡು ಬದಿಗೆ ಗೋಡೆಯಿರುವ ಓಣಿಯಂತೆ, ಎತ್ತು ಕಟ್ಟಲು ಮಾಡಿಸಿಟ್ಟ ದನದಕೊಟ್ಟಿಗೆಯಂತೆ. ಹನ್ನೊಂದನ್ನೂ ಸಾಲಾಗಿ ಕಟ್ಟಿದಳು, ಪೈಪಿನ ಬಾಯಿಯ ಕಡೆ ಮುಖ ಮಾಡಿ, ನೀರು ಕುಡಿಯಲು ಅನುಕೂಲವಾಗಲಿ ಎಂದು. ಹಾಗೆ ಅಂದುಕೊಂಡದ್ದನ್ನು ಈಗ ನೆನೆದರೆ ಒಲೆಯೊಳಗೆ ತಲೆ ಇಡುವಷ್ಟು ನಾಚಿಕೆಯಾಗುತ್ತಿತ್ತು.

ಎತ್ತುಗಳು ನೀರು ಕುಡಿಯಲು ಹೋದವು. ಹೋಗಿ ಪೈಪಿನೊಳಗೇ ಕೂತವು.

ಮೊನ್ನೆ ಗುರುವಾರ ದುರಗಪ್ಪನಿಗೆ ಕರೆ ಹೋಗಿತ್ತು. ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ನಿಂತ. ಗೌರಾಬಾಯಿ ಹೊಸ್ತಿಲ ಒಳಗೆ ನಿಂತಳು.

"ಗ್ವಾಡಿ ಒಂದ್ಸರೆ ನೋಡ್ಲೇನ್ರಿ, ಅವ್ವಾರ?"

"ನೋಡು. ಬ್ಯಾಡ ಅಂದವ್ರು ಯಾರು?"

"ಅದು ಒಳಗ ಐತಲ್ರಿ."

"ಹೊರಗ ನಿಂತ ನೋಡು."

ದುರಗಪ್ಪ ಹೊರಗೆ ನಿಂತು ನೋಡಿದ. ಹೊರಗಿನ ಗೋಡೆ ಒಣಗಿ ಗಟ್ಟಿಯಾಗಿತ್ತು. "ಹಂಗಾರ ಮ್ಯಾಲ ಹತ್ತಿ ತಗಡ ನೋಡ್ತೀನ್ರಿ," ಎಂದ.

"ನೀ ಹತ್ತಿ ಮಾಡಿದ್ದ ಸಾಕಾಗೇತಿ. ಇನ್ನ ನಾಕ ಹಂಚ ಒಡದ ಇಳೀತಿ."

ತಾನು ಕೂರಿಸಿದ ತಗಡನ್ನು ಮೇಲೆ ಹತ್ತಿ ನೋಡುವಂತಿಲ್ಲ, ತನ್ನ ತಲೆಗೆ ಕಟ್ಟಿದ ಹಸಿಯನ್ನು ಒಳಗೆ ಹೋಗಿ ನೋಡುವಂತಿಲ್ಲ. ಅವನು ಕೊಪ್ಪೆ ಸರಿಮಾಡಿಕೊಂಡು ಹಿತ್ತಲ ದಾರಿ ಹಿಡಿದ. ಶಿವಗಂಗವ್ವ ಮುಸುರೆ ಚೆಲ್ಲುವ ನೆಪದಲ್ಲಿ ಹಿಂದೆ ಹೋದಳು. ಮೂಲೆಯಲ್ಲಿ ನಿಂತು ಅವನು ಮೇಲೆ ನೋಡುತ್ತಿದ್ದ. ಹಂಚಿನ ಅಂಚಿನ ಮೇಲೆ, ಎರಡು ಚಾವಣಿಯ ಸಂದಿಯಿಂದ, ಎಂಟ್ಹತ್ತು ಹಸಿರು ಎಲೆ ಗೇಣುದ್ದ ಎದ್ದು ಗಾಳಿಗೆ ಆಡುತ್ತಿದ್ದವು.

"ವೈನಿ, ತಗಡ ಕೂಡ್ಸಿದಾವ ನಾನ," ಎಂದ ದುರಗಪ್ಪ. "ಅದರಾಗ ಜ್ವಾಳ ಬಿತ್ತಿದವರು ಯಾರ್ರಿ?"

"ಅದು ಜ್ವಾಳ ಅಲ್ಲ ದುರಗಪ್ಪಣ್ಣ," ಎಂದಳು ಅವಳು. "ಎತ್ತಿನ ಕಣ್ಣು."

ಅವಳು ಮೊದಲಿನಿಂದ ಪೂರ್ತಿ ಹೇಳಿದಳು. ಹತ್ತಿಯ ವಿಷಯ ಬಂದಾಗ ಅವನು ಹಣೆ ಚಚ್ಚಿಕೊಂಡ. ಆಮೇಲೆ ನಕ್ಕ, ಬಹಳ ಹೊತ್ತು ಸದ್ದಿಲ್ಲದೆ, ಭುಜ ಕುಣಿಸಿ. ಆಮೇಲೆ ನಗು ನಿಂತಿತು. ಸೋಮವಾರ ಪಕ್ಕದ ಮನೆಯ ಪಾರಿಸನ ಹೊಸ ಮನೆಗೆ ಪಾಯ ತೆಗೆಯುವುದಿತ್ತು. ಇಡೀ ಮನೆಯ ಕೆಲಸ ದುರಗಪ್ಪನಿಗೇ ಎಂದು ಮಾತಾಗಿತ್ತು. ಗೌರಾಬಾಯಿಯ ಗೋಡೆಯ ಸುದ್ದಿ ಕೇಳಿದ ಮೇಲೆ, ಮಿರಜದಿಂದ ಗೌಂಡಿಯನ್ನು ಕರೆಸುತ್ತೇನೆ ಎಂದು ಪಾರಿಸ ನಿನ್ನೆ ಚಹದಂಗಡಿಯಲ್ಲಿ ಎಲ್ಲರ ಮುಂದೆ ಅಂದಿದ್ದ.

"ನೀ ಹೋಗಿ ಪಾರಿಸಣ್ಣಗ ಖರೇ ಹೇಳು," ಎಂದಳು ಅವಳು.

"ನಾ ಹೇಳಿದ್ರ ಯಾರು ಕೇಳ್ತಾರ್ರಿ? ತನ್ನ ತಪ್ಪ ಆ ಮನಿ ಸೊಸಿ ಮ್ಯಾಲ ಹಾಕ್ಯಾನ ಅಂತಾರ. ಊರಾಗ ಮಣ್ಣೆತ್ತು ಹೆಸರ ಹೇಳಿ ಉಳಕೊಂಡ ಗೌಂಡಿ ಯಾರದಾನ್ರಿ?"

"ಸೋಮವಾರದೊಳಗ ನಾನ ಹೇಳ್ತೀನಿ," ಎಂದಳು ಶಿವಗಂಗವ್ವ. "ಹೇಳಿ, ನಾನ ಕೈಯಾರೆ ತಗೀತೀನಿ."

"ತಗ್ಯಾಕ ನಾ ಅದೀನ್ರಿ. ನೀವು ಹೇಳ್ರಿ ಸಾಕು."

"ಎರಡೂ ನಂದ."

ಹೇಳುವಾಗ ಕೆಂಚವ್ವನ ಕಥೆಯ ಕಿರಿಯ ಸೊಸೆಯಂತೆ, ಏಳು ಹೊಳೆ ದಾಟಿ ಮಾತು ಉಳಿಸಿಕೊಂಡವಳಂತೆ ಅವಳು ನೆಟ್ಟಗೆ ನಿಂತಿದ್ದಳು. ಅವನು ಬೇಲಿ ದಾಟಿ ಮರೆಯಾದದ್ದೇ ಬೆನ್ನು ಬಾಗಿತು. ಶುಕ್ರವಾರ ಹೇಳಬೇಕೆಂದಿದ್ದಳು, ಅತ್ತೆಗೆ ತಲೆನೋವು. ಶನಿವಾರ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ, ಮುಖ ಕಾಣದಿದ್ದಾಗ ಮಾತು ಸುಲಭವೆಂದು, "ಅತ್ತಿ, ಆ ಮಣ್ಣೆತ್ತು," ಎಂದು ಶುರುಮಾಡಿದಳು.

"ಹೌದ ನೋಡು, ಅಕ್ಕವ್ವ ಇನ್ನೂ ಅದನ್ನ ಹೇಳ್ತಾಳ," ಎಂದಳು ಗೌರಾಬಾಯಿ ಎಣ್ಣೆಯ ಸುಖದಲ್ಲಿ ಕಣ್ಣು ಮುಚ್ಚಿ. "ಏನ್ ಮಾಡಿದಿ ಅವನ್ನ?"

"ಹೊಳಿಗೆ ಬಿಟ್ಟ ಬಂದೆ."

ಯಾರೋ ಬೇರೆಯವಳು ಅವಳ ಬಾಯಿಂದ ಹೇಳಿ ಓಡಿಹೋದ ಹಾಗಿತ್ತು. ಹೇಳಬೇಕಾದದ್ದು ಒಂದಿತ್ತು, ಈಗ ಎರಡಾಯಿತು. ಕೃಷ್ಣಾ ಹೊಳೆ ಯಡೂರನ್ನು ತೊಳೆದು ಇತ್ತ ಬರುತ್ತದೆ; ಇಲ್ಲಿ ಏನೇ ಬಿಟ್ಟರೂ ಅದು ತವರಿಗೆ ಹೋಗುವುದಿಲ್ಲ, ಕೆಂಚವ್ವನಿಗಂತೂ ಈ ಸುಳ್ಳು ತಲುಪುವುದಿಲ್ಲ ಎಂದು ಎಣ್ಣೆಗೈ ಒರೆಸಿಕೊಳ್ಳುತ್ತ ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ರಾತ್ರಿಯ ರೊಟ್ಟಿಯವರೆಗೂ ಬಾಳಲಿಲ್ಲ. ಗಂಡನಿಗೆ ಹೇಳೋಣವೆಂದರೆ ಧರೆಪ್ಪನ ಹತ್ತಿರ ಗೋಡೆಯ ವಿಷಯಕ್ಕೆ ಎರಡೇ ಮಾತು. ಮಳೆ ಸುರಿಯುವಾಗ, "ಮಳಿ ನಿಲ್ಲಲಿ, ನೋಡೂಣು." ಮಳೆ ನಿಂತಾಗ, "ಈಗ ಎಲ್ಲಿ ಸೋರಾಕತ್ತೈತಿ?" ಈಗ ಭಾನುವಾರ ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು, ಹಸಿ ಗೋಡೆಯಿಂದ ಮಾರು ದೂರದಲ್ಲಿ, ತಲೆಯ ಪಕ್ಕದ ಬೋಗುಣಿಗೆ ನೀರು ತೊಟ್ಟಿಕ್ಕುವ ತಾಳಕ್ಕೆ ಸರಿಯಾಗಿ ಗೊರಕೆ ಹೊಡೆಯುತ್ತಿದ್ದ.

ಒಂಬತ್ತಕ್ಕೆ ಗೌರಾಬಾಯಿ ಸೆರಗು ಸರಿಮಾಡಿಕೊಂಡು ಪಾರಿಸನ ಮನೆಗೆ ಟಿವಿ ನೋಡಲು ಹೊರಟಳು. ಭಾನುವಾರದ ಆ ಒಂದು ತಾಸು ಓಣಿಯೆಲ್ಲ ಅಲ್ಲೇ. ಹಾಲಿನ ಪಾತ್ರೆ ತಿಕ್ಕುತ್ತಿದ್ದ ಶಿವಗಂಗವ್ವನ ಕೈ ನಿಂತಿತು. ಮನೆಯಲ್ಲಿ ಎಚ್ಚರವಿದ್ದವಳು ಅವಳೊಬ್ಬಳೇ. ಈಗ ಮೇಲೆ ಹತ್ತಿ, ಪೈಪಿನ ಬಾಯಿ ಬಿಡಿಸಿ, ಇಳಿದು, ಕೈ ತೊಳೆದು ಕೂತರೆ? ನೀರು ತನ್ನ ದಾರಿ ಹಿಡಿಯುತ್ತದೆ, ಗೋಡೆ ಒಣಗುತ್ತದೆ, ಅತ್ತೆ ಬೈಯುವುದು ಬಿಡುತ್ತಾಳೆ. ದುರಗಪ್ಪನಿಗೆ? ದುರಗಪ್ಪನ ಜಾಗಕ್ಕೆ ಬಂದಾಗ ಕಥೆ ತೊದಲಿತು. ಗೋಡೆ ಒಣಗಲು ಒಂದು ತಿಂಗಳು, ಮಿರಜದ ಗೌಂಡಿ ಬರುವುದು ನಾಳೆ. ಆ ಜಾಗವನ್ನು ಹಾರಿಸಿ ಅವಳು ಮುಂದಕ್ಕೆ ಹೋದಳು. ಕಥೆ ಹೇಳುವವರಿಗೆ ಅಷ್ಟು ಅಧಿಕಾರ ಉಂಟೆಂದು ತನಗೆ ತಾನೇ ಹೇಳಿಕೊಂಡು, ಸೀರೆ ಎತ್ತಿ ಕಟ್ಟಿ, ಹಿತ್ತಲಿಗೆ ನಿಚ್ಚಣಿಕೆ ಎಳೆದಳು.

ಜಿಟಿಜಿಟಿ ಮಳೆ. ನಿಚ್ಚಣಿಕೆಯ ಮೆಟ್ಟಿಲು ಕಾಲಿಗೆ ಲೋಳೆಲೋಳೆ. ಮೇಲೆ ತಲೆ ಎತ್ತಿ ನೋಡಿದಾಗ ಅವಳಿಗೆ ಬೈಯುವವರು ಯಾರೂ ಇಲ್ಲದಿದ್ದರೂ ಬೈಸಿಕೊಂಡಂತಾಯಿತು. ದೋಣಿ ದೋಣಿಯಾಗಿರಲಿಲ್ಲ, ಕೆರೆಯಾಗಿತ್ತು. ಕಪ್ಪು ನೀರು ತಗಡಿನ ಅಂಚು ಮೀರಿ, ಹಂಚುಗಳ ಕೆಳಗೆ ನುಗ್ಗಿ, ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ಎತ್ತುಗಳಲ್ಲಿ ಒಂದಕ್ಕೂ ಆಕಾರ ಉಳಿದಿರಲಿಲ್ಲ. ಅವಳು ಜೋಳದ ಸಸಿಗಳನ್ನು ಕಿತ್ತು ಹಿಂದೆ ಒಗೆದಳು. ಕೆಸರು ಬಗೆದಳು. ಪೈಪಿನ ಬಾಯಿ ಸಿಕ್ಕಿತು, ಕೈ ಇಳಿಸಿದಳು. ಮೊಣಕೈವರೆಗೆ ಹೋಗಿ ನಿಂತಿತು. ಬೆರಳಿಗೆ ತಾಗಿದ್ದು ಮಣ್ಣಲ್ಲ, ನೆನೆದ ಕಂಬಳಿಯಂಥ ಏನೋ. ಹತ್ತಿ. ತಾನೇ ಎಳೆಎಳೆಯಾಗಿ ಬಿಡಿಸಿ ನಾದಿದ ಹತ್ತಿ, ಒಂದು ಕಾಲೂ ಸೀಳದಂತೆ.

ಅದೇ ಹೊತ್ತಿಗೆ ಕರೆಂಟು ಹೋಯಿತು.

ಅವಳಿಗೆ ಗೊತ್ತಾದದ್ದು ಸದ್ದಿನಿಂದ. ಪಾರಿಸನ ಮನೆಯೊಳಗಿನಿಂದ ಮೊದಲು ಒಂದು ದೊಡ್ಡ ನಿಟ್ಟುಸಿರು ಬಂತು, ಆಮೇಲೆ ಚಪ್ಪಲಿಗಳು, ಕೊಡೆಗಳು, ಕೆಮ್ಮು. ಎರಡು ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಅದರಾಚೆ ಪಾರಿಸನ ಪಡಸಾಲೆಯಲ್ಲಿ ಇಪ್ಪತ್ತು ಜನ ಬಂದು ನಿಂತರು. ಟಿವಿಯಲ್ಲಿ ನೋಡುವುದು ಅರ್ಧಕ್ಕೆ ನಿಂತವರಿಗೆ ಏನಾದರೊಂದು ನೋಡಲು ಬೇಕಿತ್ತು. ನಿಚ್ಚಣಿಕೆಯ ತುದಿಯಲ್ಲಿ, ಮುಖಕ್ಕೆ ಕೆಸರು ಹಚ್ಚಿಕೊಂಡು, ಒಂದು ಕೈ ಪೈಪಿನೊಳಗಿಟ್ಟುಕೊಂಡ ಸೊಸೆ ಸಿಕ್ಕಳು.

"ಅದು ಯಾರ್ರಿ ಮ್ಯಾಲ, ಗೌರಾಬಾಯಿ?" ಎಂದ ಪಾರಿಸ. ಅವನದು ಐವತ್ತರ ಮೇಲಿನ ಮೆತ್ತಗಿನ ದನಿ.

"ನಮ್ಮ ಶಿವಗಂಗಾ," ಎಂದಳು ಗೌರಾಬಾಯಿ. ಒಂದು ಕ್ಷಣ ಅವಳಿಗೂ ಏನೆಂದು ತಿಳಿಯಲಿಲ್ಲ. ತಿಳಿದದ್ದೇ ದನಿ ಏರಿತು. "ನೋಡ್ರಿ, ನೋಡ್ರಿ ನೀವ. ಆ ದುರಗಪ್ಪ ಮಾಡಿಟ್ಟ ಹೊಲಸನ್ನ ನಮ್ಮ ಸೊಸಿ ಮಳ್ಯಾಗ ನಿಂತ ತಗ್ಯಾಕತ್ಯಾಳ. ಗಂಡ ಮಲಗ್ಯಾನ, ಹೇಳಿದವರಿಲ್ಲ ಕೇಳಿದವರಿಲ್ಲ. ಇಂಥಾ ಸೊಸಿ ಯಾರಿಗೆ ಸಿಗ್ತಾಳ್ರಿ?"

"ಖರೇ ಐತಿ," ಎಂದಳು ಅಕ್ಕವ್ವ. ಇನ್ನಿಬ್ಬರು ತಲೆಯಾಡಿಸಿದರು.

ಶಿವಗಂಗವ್ವ ಪೈಪಿನೊಳಗಿನ ಕೈ ತೆಗೆಯಲಿಲ್ಲ. ಮುಖ ಹಂಚಿನ ಕಡೆಗಿತ್ತು, ಬೆನ್ನು ಊರ ಕಡೆಗೆ. ಇದು ಎರಡನೆಯ ಹೊಗಳಿಕೆ, ಮೊದಲನೆಯದಕ್ಕಿಂತ ದೊಡ್ಡದು, ಇಪ್ಪತ್ತು ಜನರ ಮುಂದಿನದು. ಸುಮ್ಮನಿದ್ದರೆ ಸಾಕಿತ್ತು, ಅದು ಕೈತುಂಬ ಅವಳದಾಗುತ್ತಿತ್ತು. ಅದರ ಸಿಹಿ ನಾಲಿಗೆಗೂ ತಾಗಿತು, ಸುಳ್ಳೇಕೆ. ಕೆಂಚವ್ವನ ಕಿರಿಯ ಸೊಸೆಯರಿಗೆ ಇಂಥ ಹೊತ್ತಿನಲ್ಲಿ ಆಕಾಶದಿಂದ ಪುಷ್ಪವೃಷ್ಟಿಯಾಗುತ್ತಿತ್ತು. ಇವಳ ಕುತ್ತಿಗೆಯ ಹಿಂದೆ ಮಳೆಯ ನೀರು ಇಳಿದು ಬೆನ್ನುಹುರಿಯುದ್ದಕ್ಕೂ ತಣ್ಣಗೆ ಹೋಯಿತು. ಕೊಪ್ಪೆ ಹಾಕಿಕೊಂಡು ಹೊರಗಿನ ಒಣ ಗೋಡೆಯನ್ನು ನೋಡುತ್ತ ನಿಂತಿದ್ದ ಮನುಷ್ಯನ ನೆನಪಾಯಿತು. ಅವನು ಆ ದಿನ ಎಷ್ಟು ಹೊತ್ತು ನೋಡಿದ್ದ, ಕಾಣದ್ದು ಕಂಡೀತೆಂದು.

"ದುರಗಪ್ಪಣ್ಣನ ತಗಡ ಸರಿ ಐತಿ," ಎಂದಳು ಹಂಚುಗಳಿಗೆ.

"ಏನಂತಾಳ?" ಎಂದರು ಕೆಳಗೆ ಯಾರೋ.

ತಿರುಗಿದಳು. ತಿರುಗಿದರೆ ನಿಚ್ಚಣಿಕೆ ಅಲುಗಿತು, ಪಡಸಾಲೆಯ ಜನವೆಲ್ಲ ಒಟ್ಟಿಗೆ ಬಾಗಿದರು. "ತಗಡ ಸರಿ ಐತ್ರಿ ಪಾರಿಸಣ್ಣಾ. ಪೈಪೂ ಸರಿ ಐತಿ. ಅಮಾಸಿ ಎತ್ತು ನಾನ ಇದರಾಗ ಇಟ್ಟಿದ್ದೆ. ಅವು ಕರಗಿ ಪೈಪು ಕಟ್ಟೇತಿ. ಗ್ವಾಡಿ ಹಾಳ ಮಾಡಿದಾಕಿ ನಾನು. ಆ ಮನಶ್ಯಾಂದು ಏನೂ ತಪ್ಪಿಲ್ಲ."

ಗೌರಾಬಾಯಿಯ ಮುಖದ ಮೇಲೆ ಹೊಗಳಿಕೆಯ ನಗು ಇನ್ನೂ ಹಾಗೇ ಇತ್ತು. ತೆಗೆಯುವುದು ಮರೆತಿತ್ತು. "ಹನ್ನೊಂದೂನಾ?"

"ಹನ್ನೊಂದೂರಿ ಅತ್ತಿ."

"ಹೊಳಿಗೆ ಬಿಟ್ಟೆ ಅಂದಿದ್ದಿಯಲ್ಲ."

"ಸುಳ್ಳ ಹೇಳಿದ್ದೆ."

ಯಾರೋ ಕಿಸಕ್ಕೆಂದರು. ನಗು ಕೊಡೆಯಿಂದ ಕೊಡೆಗೆ ದಾಟಿ ಪಡಸಾಲೆಯ ಆ ತುದಿ ಮುಟ್ಟಿ ಮತ್ತೆ ವಾಪಸು ಬಂತು. ಪಾರಿಸ ನಗಲಿಲ್ಲ. ಮನೆ ಕಟ್ಟಿಸಲು ಹೊರಟವನು ಅವನು.

"ತಡೀರಿ," ಎಂದ. "ಪಾಪ, ಬಡವನ ಕೆಲಸ ಉಳೀಲಿ ಅಂತ ಈ ಹುಡಿಗಿ ತನ್ನ ಮ್ಯಾಲ ಹಾಕ್ಕೊಂಡಿರಬೇಕು. ಕರುಳು ಐತಿ. ಕರುಳು ನೋಡಿ ಮನಿ ಕಟ್ಸಾಕ ಬರೂದಿಲ್ಲ. ತಗಡಿನ ಇಳಿಜಾರು ಸರಿ ಇದ್ರ ನೀರು ತಾನ ಹೋಗ್ಬೇಕು. ನೀರು ಹೋಗ್ಲಿ, ಆಮ್ಯಾಲ ನಂಬ್ತೀನಿ."

ಹೇಳಿ ಮುಗಿದ ಮೇಲೂ ಹೇಳಿದ್ದು ಸಾಲಲಿಲ್ಲ. ಅವಳು ಮತ್ತೆ ಕೈ ಇಳಿಸಿದಳು, ಭುಜದವರೆಗೆ, ಕೆನ್ನೆ ತಗಡಿಗೆ ಒತ್ತಿ. ಬೆರಳು ಹತ್ತಿಯನ್ನು ಹಿಡಿಯಿತು, ಎಳೆಯಿತು, ಒಂದು ಹಿಡಿ ಕಿತ್ತು ಬಂತು, ಉಳಿದದ್ದು ಅಲುಗಲಿಲ್ಲ. ಇನ್ನೊಂದು ಹಿಡಿ. ಕೆಳಗೆ ಯಾರೋ ಪಂಥ ಕಟ್ಟುವ ದನಿಯಲ್ಲಿ "ಬರೂದಿಲ್ಲ ಬಿಡ್ರಿ ಅದು," ಎಂದರು. ಉಗುರಿನ ಸಂದಿಯಲ್ಲಿ ರಕ್ತ ಬಂತೋ ಎರೆಮಣ್ಣೋ ತಿಳಿಯಲಿಲ್ಲ. ಆಗ ನಿಚ್ಚಣಿಕೆ ಗಟ್ಟಿಯಾಯಿತು. ಬಗ್ಗಿ ನೋಡಿದರೆ ಗೌರಾಬಾಯಿ. ಎದೆಮಟ್ಟದ ಗೋಡೆಯನ್ನು ಈ ವಯಸ್ಸಿನಲ್ಲಿ ಹೇಗೆ ದಾಟಿದಳೋ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ನಿಚ್ಚಣಿಕೆಯ ಬುಡಕ್ಕೆ ಕೊಟ್ಟು, ಕೈಯಲ್ಲಿ ಜೇಡರಬಲೆ ತೆಗೆಯುವ ಉದ್ದ ಬಿದಿರುಕೋಲು ಹಿಡಿದು ನಿಂತಿದ್ದಳು. ಮುಖ ಮೇಲೆತ್ತಲಿಲ್ಲ.

"ಕೈಲೆ ಬರೂದಿಲ್ಲ ಅದು. ಹಿಡಿ ಇದನ್ನ. ಎಳೀಬ್ಯಾಡ, ಕೆಳಗ ಹಾಕಿ ಜಾಡ್ಸು."

"ಅತ್ತಿ..."

"ಮಾತ ಆಮ್ಯಾಲ. ನನ್ನ ಬಾಯಿಂದ ಎಷ್ಟ ಮನಿ ತನಕ ಹೋಗೇತಿ ಆ ಗೌಂಡಿ ಹೆಸರು, ಅಷ್ಟೂ ಮನಿಗೆ ಇನ್ನ ನಾನ ತಿರಗಬೇಕು. ಹೂಂ, ಜಾಡ್ಸು."

ಶಿವಗಂಗವ್ವ ಕೋಲನ್ನು ಪೈಪಿಗಿಳಿಸಿ ಮೈಭಾರವೆಲ್ಲ ಹಾಕಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲ ಕೋಲು ಜರಕ್ಕನೆ ಕೆಳಗೆ ಹೋಯಿತು, ಜೊತೆಗೆ ಅವಳ ಕೈಯೂ ಹೋಯಿತು, ಪೈಪಿನ ಹೊಟ್ಟೆಯೊಳಗೆ ಏನೋ ಗುಡುಗಿತು. ಕೆಳಬಾಯಿಯಿಂದ ಮೊದಲು ಬರೀ ಗಾಳಿ ಬಂತು, ಆಮೇಲೆ ಗಡಿಗೆಯಷ್ಟು ದೊಡ್ಡ ಕಪ್ಪು ಮುದ್ದೆ ಬಂದು ಗೌರಾಬಾಯಿಯ ಪಾದದ ಮೇಲೆ ಬಿತ್ತು, ಅದರ ಬೆನ್ನಿಗೆ ಎರಡು ವಾರದ ಮಳೆ. ದೋಣಿಯೊಳಗಿನ ಕೆರೆ ಅವಳ ಗಲ್ಲದ ಕೆಳಗೇ ಸುಳಿ ತಿರುಗುತ್ತ, ತಗಡಿನ ಆ ತುದಿಯಿಂದ ಈ ತುದಿಗೆ ಒಂದೇ ಸಮ ಜಾರಿ, ಒಂದು ತೊಟ್ಟೂ ಎಲ್ಲೂ ತಂಗದೆ ಪೈಪಿನೊಳಗೆ ಇಳಿಯಿತು.

ಪಾರಿಸ ಗೋಡೆ ಸುತ್ತಿ ಹಿತ್ತಲಿಗೆ ಬಂದ. ಕೊಡೆ ಮಡಚಿ ಕಂಕುಳಲ್ಲಿಟ್ಟು, ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀಳುವ ನೀರಿಗೆ ಅಂಗೈ ಒಡ್ಡಿದ. ಕಪ್ಪು ನೀರು ಕಂದಾಯಿತು, ಕಂದು ತಿಳಿಯಾಯಿತು. ಅವನು ಮೇಲೆ ನೋಡಿ ಕೇಳಿದ, "ಮ್ಯಾಲ ಎಲ್ಲರ ನಿಂತೈತೇನ?"

ಅವಳು ತಗಡಿನುದ್ದಕ್ಕೂ ಕೈ ಆಡಿಸಿ ನೋಡಿದಳು. "ಎಲ್ಲೂ ಇಲ್ಲ."

"ಇಳಿಜಾರು ಬರೋಬ್ಬರಿ ಕೊಟ್ಟಾನ," ಎಂದು ಪಾರಿಸ ಎದ್ದು, ಕೈ ಜಾಡಿಸಿದ. "ಮಿರಜದಾವಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ. ದುರಗಪ್ಪನ ಮನಿಗೆ ನಾನ ಹೊಂಟೆ. ನಾಳೆ ಏಳಕ್ಕ ಪಾಯ."

"ನಿಂದರ್ರಿ, ನಾನೂ ಬರ್ತೀನಿ," ಎಂದಳು ಗೌರಾಬಾಯಿ ಪಾದದ ಮೇಲಿನ ಕೆಸರನ್ನು ನೀರಿಗೊಡ್ಡಿ ತೊಳೆಯುತ್ತ.

ಅವರಿಬ್ಬರೂ ಒಂದೇ ಕೊಡೆಯಲ್ಲಿ ಬೇಲಿ ದಾಟಿ ಹೋದರು. ಶಿವಗಂಗವ್ವ ದೋಣಿಯ ಮೂಲೆಯಲ್ಲಿ ಉಳಿದಿದ್ದ ಕೊನೆಯ ಹಿಡಿ ಮಣ್ಣನ್ನು ಬಳಿದು ತೆಗೆದು, ನಿಚ್ಚಣಿಕೆಯಿಂದ ಇಳಿದಳು.